ಶರೀಫರ ಪದ, ಗಿಟಾರಿನ ಧಾಟಿ

ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಈಗ ಒಂದು ಸಣ್ಣ ಜಗಳ ಮಾಮೂಲಾಗಿದೆ. ವೇದಿಕೆಗೆ ಬಂದ ಹುಡುಗನೊಬ್ಬ ಗಿಟಾರ್ ಹೆಗಲಿಗೇರಿಸಿ ಶಿಶುನಾಳ ಶರೀಫರ ಪದವೊಂದನ್ನು ಎತ್ತಿಕೊಳ್ಳುತ್ತಾನೆ. ಹಿಂದೆ ಡ್ರಮ್ಮು ಗುಡುಗುತ್ತದೆ, ಹುಡುಗರು ಎದ್ದು ಕುಣಿಯುತ್ತಾರೆ. ಸಭೆಯ ಬದಿಯಲ್ಲಿ ಕುಳಿತ ಹಿರಿಯರೊಬ್ಬರಿಗೆ ಸಹನೆ ಮೀರುತ್ತದೆ. ‘ಶರೀಫ ಸಾಹೇಬರ ಪದ ಹಿಂಗ ಹಾಡೂದೇನಪಾ? ಧಾಟೀನ ಕೆಡಸಿಬಿಟ್ರಿ’ ಎನ್ನುತ್ತಾರೆ. ‘ಅಜ್ಜಾರ, ಇದು ರಘು ದೀಕ್ಷಿತ್ ಹಾಡರಿ’ ಎಂದು ಹುಡುಗ ಉತ್ತರ ಕೊಡುತ್ತಾನೆ. ಹಿರಿಯರ ಸಿಟ್ಟು ಇಮ್ಮಡಿಯಾಗುತ್ತದೆ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ, ಅರ್ಧ ತಪ್ಪಿದೆ. ಹಿರಿಯರು ಕೆಟ್ಟಿತೆಂದು ಹೇಳುವ ಧಾಟಿ ಶರೀಫರದ್ದು ಅಲ್ಲದಿರಬಹುದು. ಹುಡುಗ ಯಾರ ಹಾಡೆಂದು ಹೇಳಿದನೋ ಅವರು ಅದನ್ನು ಬರೆದವರಲ್ಲ. ಹಾಗಾದರೆ ಹಾಡು ಯಾರದು? ಪದ ಕಟ್ಟಿದವರದೋ, ಧಾಟಿ ಹಾಕಿದವರದೋ, ಬಾಯಿಂದ ಬಾಯಿಗೆ ದಾಟಿಸಿದವರದೋ? ಇಂದಿನ ಮಾತಿಗೆ ಈ ಜಗಳವೇ ವಿಷಯ.

ಮೊದಲು ನಡೆದದ್ದೇನು ಎಂಬುದನ್ನು ನೋಡಬೇಕು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಬೆಂಗಳೂರಿಗೆ ಬಂದು ಹಾಡುಗಾರರಾದ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶರೀಫರ ಎರಡು ಪದಗಳಿದ್ದವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಸೇರಿದವು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಈ ಗುಂಪು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಮರುವರ್ಷ ಲಂಡನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿಯೂ ಬಂತು. ಶಿಗ್ಗಾವಿ ತಾಲ್ಲೂಕಿನ ಒಂದು ಹಳ್ಳಿಯ ಪದ ಹೀಗೆ ಇಂಗ್ಲೆಂಡಿನ ವೇದಿಕೆಗಳವರೆಗೆ ಹೋಯಿತು.

ಇಂಥ ಗುಂಪುಗಳನ್ನು ‘ಇಂಡಿ’ ಎಂದು ಕರೆಯುವ ರೂಢಿ. ಇಂಡಿ ಎಂದರೆ ಈ ಜಿಲ್ಲೆಯವರಿಗೆ ನಿಂಬೆಹಣ್ಣಿನ ತಾಲ್ಲೂಕು ನೆನಪಾಗುವುದು ಸಹಜವೇ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಇಂಡಿಪೆಂಡೆಂಟ್’ ಎಂಬುದರ ಮೊಟಕು ರೂಪ ಅದು. ದೊಡ್ಡ ಧ್ವನಿಮುದ್ರಿಕೆ ಕಂಪನಿ, ಸಿನಿಮಾ ನಿರ್ಮಾಪಕರ ಹಂಗಿಲ್ಲದೆ ತಮ್ಮ ಹಾಡು ತಾವೇ ಕಟ್ಟಿ, ತಾವೇ ಊರೂರು ತಿರುಗಿ ಹಾಡುವವರು ಎಂದರ್ಥ. ಆ ಲೆಕ್ಕಕ್ಕೆ ತಿಕೋಟಾ, ಬಬಲೇಶ್ವರ ಸುತ್ತಿನ ಭಜನಾ ಮಂಡಳಿಗಳಷ್ಟು ಹಳೆಯ ‘ಇಂಡಿ’ ಗುಂಪುಗಳು ಎಲ್ಲಿ ಸಿಗುತ್ತವೆ?

ಈಗ ಹಿರಿಯರ ದೂರಿಗೆ ಬರೋಣ. ಧಾಟಿ ಕೆಟ್ಟಿತು ಎನ್ನುವವರ ಕಿವಿಯಲ್ಲಿರುವ ಧಾಟಿ ಹೆಚ್ಚಿನ ಮಟ್ಟಿಗೆ ಸಿ. ಅಶ್ವತ್ಥ್ ಅವರದು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂತು. ಶರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ್ ನಟಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ದೊರೆಯಿತು. ಅಶ್ವತ್ಥ್ ಅವರ ಸಂಗೀತ ಮನೆಮನೆಗೆ ಹೋಯಿತು. ಟೇಪ್‌ರೆಕಾರ್ಡರ್ ಇದ್ದ ಮನೆಗಳಲ್ಲಿ ಶರೀಫರ ಕ್ಯಾಸೆಟ್ ಇಲ್ಲದ ಮನೆ ಅಪರೂಪವೆನ್ನುವ ಕಾಲವೊಂದು ಬಂತು. ಶಿವಮೊಗ್ಗ ಸುಬ್ಬಣ್ಣನವರ ಕಂಠವೂ ಆ ಕ್ಯಾಸೆಟ್ ಯುಗಕ್ಕೆ ಸೇರಿದ್ದೇ.

ಆದರೆ ಅಶ್ವತ್ಥ್ ಹಾಡಿದ್ದು ಶರೀಫರ ಕಾಲದ ಏಕತಾರಿ, ದಿಮ್ಮಿನ ಮೇಲಲ್ಲ. ಪಿಟೀಲಿನ ಸಾಲು, ಕೊಳಲು, ತಬಲಾ, ಹಿಮ್ಮೇಳದ ಕಂಠಗಳು, ಸ್ಟುಡಿಯೋದ ಹದ ಎಲ್ಲವೂ ಅದರಲ್ಲಿವೆ. ಸುಗಮ ಸಂಗೀತದ ಶಿಸ್ತಿಗೆ ತತ್ವಪದವನ್ನು ತಂದು ಕೂರಿಸಿದ ಕೆಲಸ ಅದು. ಶರೀಫರು ತೀರಿಕೊಂಡದ್ದು 1889ರಲ್ಲಿ. ಚಿತ್ರ ಬಂದದ್ದು ನೂರು ವರ್ಷ ದಾಟಿದ ಮೇಲೆ. ನಡುವಿನ ಆ ನೂರು ವರ್ಷ ಪದಗಳನ್ನು ಹೊತ್ತು ತಂದವರು ಭಜನೆಯವರು, ಜೋಳಿಗೆ ಹಾಕಿಕೊಂಡು ಊರೂರು ತಿರುಗಿದವರು, ಮಠದ ಕಟ್ಟೆಯಲ್ಲಿ ಅಮಾವಾಸ್ಯೆಯ ರಾತ್ರಿ ಕಳೆದವರು. ಒಂದೇ ಪದಕ್ಕೆ ಒಂದೂರಿನಲ್ಲಿ ಒಂದು ಧಾಟಿ, ಹತ್ತು ಹರದಾರಿ ಆಚೆ ಇನ್ನೊಂದು ಧಾಟಿ. ಅವುಗಳ ಪೈಕಿ ಯಾವುದು ಶರೀಫರ ಬಾಯಿಂದ ಬಂದದ್ದು ಎಂದು ಹೇಳುವುದಕ್ಕೆ ಸ್ವರಲಿಪಿಯಿಲ್ಲ, ಮುದ್ರಿಕೆಯಿಲ್ಲ. 1819ರಲ್ಲಿ ಹುಟ್ಟಿದ ಒಬ್ಬ ಶಾಲಾ ಮಾಸ್ತರರು, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಕಂಡದ್ದಕ್ಕೆಲ್ಲ ಅಲ್ಲಲ್ಲೇ ಪದ ಕಟ್ಟುತ್ತ ಹೋದರು. ಕೇಳಿದವರು ನೆನಪಿಟ್ಟುಕೊಂಡರು. ಅಷ್ಟೇ.

ಅಂದರೆ ಅಶ್ವತ್ಥ್ ಮಾಡಿದ್ದು ಹೊಸ ಧಾಟಿ. ಹದಿನೆಂಟು ವರ್ಷದ ನಂತರ ರಘು ದೀಕ್ಷಿತ್ ಮಾಡಿದ್ದೂ ಹೊಸ ಧಾಟಿ. ಮೊದಲನೆಯದನ್ನು ಮೂಲವೆಂದೂ ಎರಡನೆಯದನ್ನು ಅಪಚಾರವೆಂದೂ ಕರೆಯುವುದಕ್ಕೆ ಇರುವ ಆಧಾರ ಕೇಳುಗನ ವಯಸ್ಸು ಮಾತ್ರ.

ಇಲ್ಲಿ ಕನ್ನಡದ ಎರಡು ಮಾತುಗಳನ್ನು ಬಿಡಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಒಂದು ‘ಪದ’, ಇನ್ನೊಂದು ‘ಧಾಟಿ’. ಈ ಭಾಗದ ಹಾಡಿಕೆಯವರಿಗೆ ಇವೆರಡೂ ಬೇರೆ ಬೇರೆ ವಸ್ತುಗಳು. ಜಾತ್ರೆಗಳಲ್ಲಿ ಮಾರುವ ಭಜನಾ ಪದಗಳ ಸಣ್ಣ ಪುಸ್ತಕಗಳನ್ನು ತಿರುವಿ ನೋಡಿದವರಿಗೆ ಇದು ಗೊತ್ತು. ಪದದ ತಲೆಯ ಮೇಲೆ ‘ಧಾಟಿ’ ಎಂದು ಬರೆದು ಮುಂದೆ ಯಾವುದೋ ಸಿನಿಮಾ ಹಾಡಿನ ಹೆಸರು ಕೊಟ್ಟಿರುತ್ತಾರೆ. ರಾಜಕುಮಾರ್ ಚಿತ್ರದ ಪ್ರೇಮಗೀತೆಯ ಧಾಟಿಯಲ್ಲಿ ಗುರುಸ್ತುತಿ ಹಾಡುವುದು ಯಾರಿಗೂ ಅಪಚಾರವೆನಿಸುವುದಿಲ್ಲ. ಹಳ್ಳಿಯವರು ಪೇಟೆಯ ಧಾಟಿ ತಂದು ತಮ್ಮ ಪದಕ್ಕೆ ಹಚ್ಚಿದರು, ಪೇಟೆಯ ರಾಕ್ ಗುಂಪು ಹಳ್ಳಿಯ ಪದ ತಂದು ತನ್ನ ಧಾಟಿಗೆ ಹಚ್ಚಿತು. ವ್ಯಾಪಾರ ಎರಡೂ ಕಡೆಯಿಂದ ನಡೆದಿದೆ.

ಪದ ಉಳಿದು ಧಾಟಿ ಹೋಗುವುದು ಈ ನೆಲಕ್ಕೆ ಹೊಸದೂ ಅಲ್ಲ. ವಿಜಯಪುರದಿಂದ ತಿಕೋಟಾಕ್ಕೆ ಹೊರಟರೆ ದಾರಿಯಲ್ಲಿ ತೊರವಿ ಸಿಗುತ್ತದೆ. ಅಲ್ಲಿಯ ನರಸಿಂಹನ ಅಂಕಿತದಲ್ಲಿ ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ಬರೆದದ್ದು ‘ತೊರವೆ ರಾಮಾಯಣ’. ಅದನ್ನು ಓದುವ ಗಮಕಿಗೆ ಛಂದಸ್ಸು ಕವಿ ಕೊಟ್ಟದ್ದು, ರಾಗ ಮಾತ್ರ ಅವನ ಆಯ್ಕೆ. ಅದೇ ತೊರವಿಯ ಬಳಿ ಹಾಳುಬಿದ್ದು ನಿಂತಿದೆ ಸಂಗೀತ ಮಹಲು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಅವಶೇಷ ಅದು. 1580ರಿಂದ 1627ರವರೆಗೆ ಆಳಿದ ಈ ಸುಲ್ತಾನ ತಾನೇ ಹಾಡು ಬರೆದ. ದಖನಿಯಲ್ಲಿರುವ ‘ಕಿತಾಬ್-ಎ-ನವರಸ್’ನಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಸರಸ್ವತಿ, ಗಣಪತಿಯರ ಸ್ತುತಿಯ ಜೊತೆಗೆ ಕಲಬುರ್ಗಿಯ ಬಂದೇನವಾಜರ ಸ್ತುತಿಯೂ ಅದರಲ್ಲಿದೆ. ತನ್ನ ತಂಬೂರಿಗೆ ಆತ ‘ಮೋತಿ ಖಾನ್’ ಎಂದು ಹೆಸರಿಟ್ಟಿದ್ದ. ಅದರ ಮೇಲೂ ಹಾಡು ಬರೆದ.

ಪ್ರತಿ ಹಾಡಿನ ಮೇಲೆ ರಾಗದ ಹೆಸರಿದೆ. ಧಾಟಿ ಮಾತ್ರ ಇಲ್ಲ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಹಾಳುಗೆಡವಿತು. ಹಾಡುಗಾರರು ಚದುರಿದರು, ಕೊನೆಗೆ ರಾಜ್ಯವೂ ಹೋಯಿತು. ಇಂದು ಆ ಹಾಡುಗಳನ್ನು ಹಾಡಬೇಕೆಂದವರು ರಾಗದ ಹೆಸರೊಂದನ್ನು ಹಿಡಿದು ಉಳಿದದ್ದನ್ನೆಲ್ಲ ತಾವೇ ಕಟ್ಟಿಕೊಳ್ಳಬೇಕು. ದೊರೆಯ ಆಸ್ಥಾನದಲ್ಲಿ, ಕಾಗದದ ಮೇಲೆ ಚೆಂದದ ಅಕ್ಷರದಲ್ಲಿ ಬರೆಸಿಟ್ಟ ಹಾಡಿಗೇ ಈ ಗತಿ. ಶರೀಫರ ಪದವನ್ನು ಉಳಿಸಿದ ಬಡ ಭಜನೆಯವರ ಸಾಧನೆ ಎಷ್ಟು ದೊಡ್ಡದೆಂದು ಇದರಿಂದ ಊಹಿಸಬಹುದು.

ವಚನಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ತಾಡೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. 1925ರಲ್ಲಿ ಊರಿನಲ್ಲೇ ಹಿತಚಿಂತಕ ಮುದ್ರಣಾಲಯ ಆರಂಭಿಸಿದರು. ತಾಡೋಲೆಯಿಂದ ಸಿಕ್ಕದ್ದು ಮಾತು. ರಾಗ ತಾಳ ನಮೂದಿಸಿದ ಸ್ವರವಚನಗಳನ್ನು ಬಿಟ್ಟರೆ ಉಳಿದವುಗಳಿಗೆ ಧಾಟಿಯ ಸುಳಿವಿಲ್ಲ. ಇಂದು ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಕೇಳುವ ವಚನ ಜೈಪುರ ಘರಾಣೆಯ ಶಿಕ್ಷಣ ಪಡೆದ ಗವಾಯಿಯೊಬ್ಬರು ಕಟ್ಟಿಕೊಟ್ಟ ರೂಪ. ಬಸವಣ್ಣನವರ ಕಾಲದ ಧಾಟಿಯೆಂದು ಯಾರೂ ಅದನ್ನು ಹೇಳುವುದಿಲ್ಲ, ಆದರೂ ಯಾರೂ ಆಕ್ಷೇಪಿಸುವುದಿಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ನೆಲೆಸಿ, ಅಲ್ಲಿ ಬೀದಿಯಲ್ಲಿ ಹಾಡುತ್ತ ಬರುವ ನಾಥಪಂಥದವರಿಂದ ಕಬೀರರ ನಿರ್ಗುಣ ಪದಗಳನ್ನು ಕೇಳಿ ತಮ್ಮ ಕಂಠಕ್ಕೆ ತಂದುಕೊಂಡರು. 2003ರಲ್ಲಿ ದಿಲ್ಲಿಯ ‘ಇಂಡಿಯನ್ ಓಷನ್’ ಗುಂಪು ಅದೇ ಕಬೀರರನ್ನು ಬೇಸ್ ಗಿಟಾರ್ ಮೇಲೆ ಹಾಡಿತು. ಬೆಂಗಳೂರಿನ ‘ಅಗಂ’ ಗುಂಪು ತ್ಯಾಗರಾಜ, ದೀಕ್ಷಿತರ ಕೃತಿಗಳನ್ನೇ ರಾಕ್ ಸಂಗೀತದ ನಡುವೆ ಕೂರಿಸಿದೆ. ರಘು ದೀಕ್ಷಿತ್ ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ಗುಂಪಿನದೂ ಜನಪದದ ಕಡೆಗೆ ಮುಖ ಮಾಡಿದ ದಾರಿಯೇ.

ಹೊರದೇಶದಲ್ಲಿ ಇದಕ್ಕೆ ‘ಕವರ್’ ಎನ್ನುತ್ತಾರೆ. ಅಲ್ಲಿಯ ರೂಢಿಯಲ್ಲಿ ಸಾಮಾನ್ಯವಾಗಿ ಪದವೂ ಧಾಟಿಯೂ ಹಾಗೇ ಇದ್ದು ವಾದ್ಯ, ಲಯ, ಕಂಠ ಬದಲಾಗುತ್ತವೆ. ಬಾಬ್ ಡಿಲನ್ 1967ರಲ್ಲಿ ಸಣ್ಣ ದನಿಯಲ್ಲಿ ಹಾಡಿದ ಒಂದು ಹಾಡನ್ನು ಮರುವರ್ಷ ಜಿಮಿ ಹೆಂಡ್ರಿಕ್ಸ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಡಿದ್ದು ಎಷ್ಟು ಹೆಸರಾಯಿತೆಂದರೆ ಆಮೇಲೆ ಡಿಲನ್ ಕೂಡ ಹೆಂಡ್ರಿಕ್ಸ್ ರೀತಿಗೆ ಹತ್ತಿರವಾಗಿಯೇ ಅದನ್ನು ಹಾಡತೊಡಗಿದರು. ಸ್ವಾರಸ್ಯವೆಂದರೆ ಡಿಲನ್ನರ ಅತಿ ಪ್ರಸಿದ್ಧ ಹಾಡೊಂದರ ಧಾಟಿ ಗುಲಾಮಗಿರಿಯ ಕಾಲದ ಕರಿಯರ ಹಾಡಿನಿಂದ ಎತ್ತಿಕೊಂಡದ್ದು. ನಮ್ಮ ಜಾತ್ರೆಯ ಪುಸ್ತಕವಾಗಿದ್ದರೆ ಮೇಲೆ ‘ಧಾಟಿ’ ಎಂದು ಬರೆದುಬಿಡುತ್ತಿದ್ದರು.

ಇನ್ನೊಂದು ಉದಾಹರಣೆ ಶರೀಫರ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಕೆನಡಾದ ಲೆನರ್ಡ್ ಕೋಹೆನ್ ಕವಿಯೂ ಹಾಡುಗಾರರೂ ಆಗಿದ್ದವರು. 1984ರಲ್ಲಿ ಅವರು ‘ಹಲ್ಲೆಲೂಯಾ’ ಎಂಬ ಹಾಡಿದ್ದ ಆಲ್ಬಂ ಮುಗಿಸಿದಾಗ ಕಂಪನಿ ಅದನ್ನು ಅಮೆರಿಕೆಯಲ್ಲಿ ಬಿಡುಗಡೆ ಮಾಡಲೇ ಒಪ್ಪಲಿಲ್ಲ. 1991ರಲ್ಲಿ ಫ್ರಾನ್ಸಿನ ಒಂದು ಸಂಗೀತ ಪತ್ರಿಕೆ ಅಂದಿನ ಇಂಡಿ ರಾಕ್ ಗುಂಪುಗಳನ್ನು ಕೂಡಿಸಿ ಕೋಹೆನ್‌ರ ಹಾಡುಗಳನ್ನೇ ಹಾಡಿಸಿ ‘ಐ ಆ್ಯಮ್ ಯುವರ್ ಫ್ಯಾನ್’ ಎಂಬ ಆಲ್ಬಂ ತಂದಿತು. ಆರ್.ಇ.ಎಂ., ಪಿಕ್ಸೀಸ್, ನಿಕ್ ಕೇವ್ ಅದರಲ್ಲಿ ಹಾಡಿದರು. ಜಾನ್ ಕೇಲ್ ಎಂಬವರು ‘ಹಲ್ಲೆಲೂಯಾ’ ಆರಿಸಿಕೊಂಡು ಕೋಹೆನ್‌ರಿಂದ ಅದರ ನುಡಿಗಳನ್ನು ತರಿಸಿಕೊಂಡರು. ಫ್ಯಾಕ್ಸಿನಲ್ಲಿ ಬಂದದ್ದು ಹಾಳೆ ಮೇಲೆ ಹಾಳೆ. ಅಷ್ಟು ನುಡಿಗಳಲ್ಲಿ ತಮಗೆ ಬೇಕಾದ ಕೆಲವನ್ನು ಆಯ್ದು ಹಾಡಿದರು. 1994ರಲ್ಲಿ ಜೆಫ್ ಬಕ್ಲಿ ಹಾಡಿದ್ದು ಕೇಲ್ ಅವರ ಆಯ್ಕೆಯನ್ನು ಅನುಸರಿಸಿ. ಜಗತ್ತಿಗೆ ಇಂದು ಗೊತ್ತಿರುವ ಹಾಡು ಬಹುಮಟ್ಟಿಗೆ ಅದು. ಕೋಹೆನ್ 2016ರವರೆಗೆ ಬದುಕಿದ್ದರು, ನುಡಿ ಕೇಳಿದವರಿಗೆ ಕಳಿಸಿಕೊಟ್ಟರು. ಹಾಡುವವನು ಯಾವ ನುಡಿ ಬಿಡುತ್ತಾನೆ, ಯಾವುದನ್ನು ಇಟ್ಟುಕೊಳ್ಳುತ್ತಾನೆ ಎಂಬುದು ಧಾಟಿಗಿಂತ ದೊಡ್ಡ ಸಂಗತಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಶರೀಫರ ಪದ ಗಿಟಾರಿಗೆ ಇಷ್ಟು ಸಲೀಸಾಗಿ ಒಗ್ಗಿದ್ದೇಕೆ? ಕಾರಣ ಪದದ ಕಟ್ಟಿನಲ್ಲಿದೆ. ತತ್ವಪದದಲ್ಲಿ ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಬರುವಂಥದು. ಹೇಳುವವನು ನುಡಿ ಹೇಳಿ ಮುಗಿಸಿದೊಡನೆ ಮೇಳದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಧಾಟಿ ನಾಲ್ಕೈದು ಸ್ವರಗಳ ಆಸುಪಾಸಿನಲ್ಲಿ ತಿರುಗುತ್ತದೆ, ಯಾರ ಗಂಟಲಿಗೂ ಎಟಕುತ್ತದೆ. ನುಡಿ ನುಡಿಗೂ ಲಯ ಏರುತ್ತ ಹೋಗಿ ಕೊನೆಗೆ ತಾಳಗಳ ಸಪ್ಪಳದಲ್ಲಿ ಮುಗಿಯುತ್ತದೆ. ರಾಕ್ ಹಾಡಿನ ಅಚ್ಚೂ ಹೆಚ್ಚುಕಡಿಮೆ ಇದೇ. ಸಭಿಕರು ಕೂಡಿ ಹಾಡುವ ಪಲ್ಲವಿ, ಒಂದೇ ಸಮನೆ ತಿರುಗುವ ಗಿಟಾರಿನ ತುಣುಕು, ಕೊನೆಗೆ ಏರುವ ಅಬ್ಬರ. ದಿಮ್ಮಿನ ಜಾಗಕ್ಕೆ ಬೇಸ್ ಗಿಟಾರು, ತಾಳದ ಜಾಗಕ್ಕೆ ಡ್ರಮ್ಮಿನ ಕಂಚಿನ ತಟ್ಟೆ ಬರುತ್ತವೆ. ಏಕತಾರಿಯ ಜಾಗದಲ್ಲಿ ಮಾತ್ರ ಒಂದು ಮುಖ್ಯ ವ್ಯತ್ಯಾಸವಾಗುತ್ತದೆ. ಏಕತಾರಿ ಒಂದೇ ಶ್ರುತಿಯನ್ನು ಹಿಡಿದು ನಿಲ್ಲುತ್ತದೆ, ಹಾಡುವವನು ಸ್ವರವನ್ನು ಅದರ ಮೇಲೆ ಬೇಕಾದಂತೆ ಜಾರಿಸಬಹುದು. ಗಿಟಾರು ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿ ಧಾಟಿಗೆ ನೆಲಗಟ್ಟು ಹಾಕುತ್ತದೆ. ಆ ಗೊಂಚಲು ಬದಲಾದಾಗಲೆಲ್ಲ ಧಾಟಿಯೂ ಅದಕ್ಕೆ ಹೊಂದಿಕೊಳ್ಳಬೇಕು, ನಡುವಿನ ಜಾರು ಸ್ವರಗಳು ನೇರವಾಗುತ್ತವೆ. ಹಳೆಯ ಕಿವಿಗೆ ‘ಏನೋ ತಪ್ಪೇತಿ’ ಅನ್ನಿಸುವುದು ಬಹುಶಃ ಇಲ್ಲೇ. ಹಿರಿಯರ ಸಿಟ್ಟಿನಲ್ಲಿರುವ ಸತ್ಯದ ಪಾಲು ಇದು.

ಧಾಟಿಗಿಂತ ಹೆಚ್ಚಿನ ನಷ್ಟದ ಭಯವಿರುವುದು ಮಾತಿನಲ್ಲಿ. ‘ಮಾಳಿಗಿ’ ಎಂಬ ಒಂದೇ ಶಬ್ದ ತೆಗೆದುಕೊಳ್ಳಿ. ಬೆಂಗಳೂರಿನ ಕೇಳುಗನಿಗೆ ಮಾಳಿಗೆ ಎಂದರೆ ಮಹಡಿ. ಶರೀಫರ ಸೀಮೆಯಲ್ಲಿ, ತಿಕೋಟಾ ಬಬಲೇಶ್ವರದ ಹಳೆಯ ಓಣಿಗಳಲ್ಲಿ, ಮಾಳಿಗಿ ಎಂದರೆ ಮಣ್ಣಿನ ಚಾವಣಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು ಹಾಸಿ ಮಣ್ಣು ಹಾಕಿ ಬಡಿದು ಗಟ್ಟಿ ಮಾಡಿದ್ದು. ಮಳೆ ಕಡಿಮೆಯಿರುವ, ಬಿಸಿಲು ಹೆಚ್ಚಿರುವ ಸೀಮೆಗೆ ಹೇಳಿ ಮಾಡಿಸಿದ ಮನೆ ಅದು. ಆದರೆ ಅದನ್ನು ವರ್ಷವರ್ಷ ನೋಡಿಕೊಳ್ಳಬೇಕು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಬಿರುಕು ಮುಚ್ಚಿ ಹೊಸ ಮಣ್ಣು ಹಾಕಬೇಕು. ಇಲಿ ತೋಡಿದ ಬಿಲ ಹುಡುಕಬೇಕು. ಒಂದು ವರ್ಷ ಆಲಸ್ಯ ಮಾಡಿದರೆ ಜಡಿಮಳೆಯ ರಾತ್ರಿ ಮನೆಮಂದಿಯೆಲ್ಲ ಎದ್ದು ಸೋರುವ ಕಡೆಗೆಲ್ಲ ಪಾತ್ರೆ ಇಡುತ್ತ ಕೂರಬೇಕು. ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಸೋರುವುದರಿಂದ ತೂತು ಎಲ್ಲಿದೆಯೆಂದು ಕೆಳಗಿನಿಂದ ಗೊತ್ತಾಗುವುದೂ ಇಲ್ಲ. ಕತ್ತಲೆಯಲ್ಲಿ, ಮಳೆಯಲ್ಲಿ ಮೇಲೆ ಹತ್ತುವವರಾದರೂ ಯಾರು?

ಮನೆ ಎಂದರೆ ದೇಹವೆಂದು ಪದ ಕೇಳುವವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸೋರುವ ಮಣ್ಣಿನ ಮಾಳಿಗಿಯ ಕೆಳಗೆ ಒಂದು ರಾತ್ರಿ ಕಳೆದವನಿಗೆ ಆ ಪದದ ಭಯ ಮೈಗೆ ತಟ್ಟುತ್ತದೆ. ಆರ್‌ಸಿಸಿ ಮನೆಯಲ್ಲಿ ಹುಟ್ಟಿದವನಿಗೆ ಅದೊಂದು ಚೆಂದದ ಮಳೆಯ ಹಾಡು. ಇದು ಬೆಂಗಳೂರಿನ ಹುಡುಗರ ತಪ್ಪೂ ಅಲ್ಲ. ದ್ರಾಕ್ಷಿಯ ದುಡ್ಡು ಬಂದ ಮೇಲೆ ತಿಕೋಟಾ ಸುತ್ತಿನಲ್ಲೂ ಮಣ್ಣಿನ ಮಾಳಿಗಿ ಇಳಿಸಿ ಸ್ಲ್ಯಾಬ್ ಹಾಕಿಸಿದವರು ಬಹಳ. ಅವರ ಮೊಮ್ಮಕ್ಕಳಿಗೂ ಮುಂದೆ ಆ ಶಬ್ದಕ್ಕೆ ಅರ್ಥ ಹೇಳಬೇಕಾಗುತ್ತದೆ. ಹಾಡುಗಾರ ‘ಮಾಳಿಗಿ’ಯನ್ನು ‘ಮಾಳಿಗೆ’ ಎಂದು ತಿದ್ದಿ ಹಾಡಿದರಂತೂ ಅರ್ಥಕ್ಕೆ ದಾರಿ ತೋರಿಸುವ ಕೊನೆಯ ಗುರುತೂ ಹೋದಂತೆ. ‘ನುಂಗಿತ್ತ’ ಎಂಬುದನ್ನು ‘ನುಂಗಿತ್ತು’ ಮಾಡುವುದೂ ಹಾಗೆಯೇ. ದಕ್ಷಿಣದ ಹಾಡುಗಾರರು ಹಾಡಿದ ಮುದ್ರಿಕೆಗಳ ಹೆಸರಿನಲ್ಲೂ ‘ಮಾಳಿಗಿ’, ‘ನುಂಗಿತ್ತ’ ಉಳಿದಿರುವುದು ಮೆಚ್ಚಬೇಕಾದ ಸಂಗತಿ. ಆ ಮಟ್ಟಿಗೆ ರಾಕ್ ಗುಂಪು ಎಷ್ಟೋ ಪಠ್ಯಪುಸ್ತಕಗಳಿಗಿಂತ ಉತ್ತರದ ಕನ್ನಡಕ್ಕೆ ಉಪಕಾರ ಮಾಡಿದೆ.

‘ಗುಡುಗುಡಿ’ಯ ಪಾಡು ಸ್ವಲ್ಪ ಬೇರೆ. ಹುಕ್ಕಾದ ಒಂದೊಂದು ಭಾಗವನ್ನೂ ದೇಹ ಮನಸ್ಸುಗಳಿಗೆ ಹೋಲಿಸುತ್ತ ಹೋಗುವ ಪದ ಅದು. ಸೇದಬೇಕೆಂದು ಕರೆಯುವುದು ತಂಬಾಕನ್ನಲ್ಲ. ಪಲ್ಲವಿಯನ್ನಷ್ಟೇ ಕೇಳಿ ಕುಣಿಯುವವರಿಗೆ ಅದು ಹೊಗೆಯ ಹಾಡಾಗಿಯೇ ಉಳಿಯುತ್ತದೆ. ಶರೀಫರಿಗೆ ಇದರಿಂದ ಬೇಸರವಾಗುತ್ತಿತ್ತೇ? ಅನುಮಾನ. ಸಂತೆ, ಜಾತ್ರೆ, ಮೊಹರಮ್ಮಿನ ಗದ್ದಲದ ನಡುವೆ ನಿಂತು ಹಾಡಿದವರು ಅವರು. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವುದು ಅವರ ಹಾದಿ. ಅಲ್ಲಮನ ಬೆಡಗಿನ ವಚನದಂತೆ ತಲೆಕೆಳಗಾದ ಮಾತು ಆಡುವ ‘ಕೋಡಗನ ಕೋಳಿ ನುಂಗಿತ್ತ’ ಪದಕ್ಕೆ ಚಿಕ್ಕ ಮಕ್ಕಳು ಇಂದಿಗೂ ನಗುತ್ತಾರೆ, ನಗಲಿ. ಅರ್ಥ ಬೇಕಾದವನು ಹಿಂದಿರುಗಿ ಬರಲು ನುಡಿಗಳು ಪೂರ್ತಿ ಇದ್ದರೆ ಸಾಕು.

ಪೂರ್ತಿ ಇರಬೇಕಾದ ನುಡಿಗಳಲ್ಲಿ ಕೊನೆಯದು ಎಲ್ಲಕ್ಕಿಂತ ಮುಖ್ಯ. ಅಲ್ಲಿ ಅಂಕಿತವಿರುತ್ತದೆ. ಶರೀಫರ ಪದ ‘ಶಿಶುನಾಳಧೀಶ’ನ ಹೆಸರಿನಲ್ಲಿ ಮುಗಿಯುತ್ತದೆ, ಹಲವು ಕಡೆ ಗುರು ಗೋವಿಂದನ ನೆನಪೂ ಜೊತೆಗಿರುತ್ತದೆ. ವಚನಕಾರರಿಗೂ ದಾಸರಿಗೂ ಇದ್ದ ಪದ್ಧತಿಯೇ. ಅಚ್ಚಿನ ಯಂತ್ರವಿಲ್ಲದ, ಕಾಯಿದೆಯಿಲ್ಲದ ಕಾಲದಲ್ಲಿ ಹಾಡಿನೊಳಗೇ ಹೊಲಿದಿಟ್ಟ ಹಕ್ಕುಪತ್ರ ಅದು. ಧಾಟಿ ಬದಲಿಸಿ, ವಾದ್ಯ ಬದಲಿಸಿ, ದೇಶ ಬದಲಿಸಿ, ಅಂಕಿತದ ನುಡಿ ಹಾಡಿದರೆ ಹೆಸರು ತಾನಾಗಿ ಬರುತ್ತದೆ. ನಾಲ್ಕು ನಿಮಿಷದ ಹಾಡಿಗೆ ಹೊಂದಲೆಂದು ಅವಸರದವರು ಕೊನೆಯ ನುಡಿಯನ್ನೇ ಕತ್ತರಿಸಿದರೆ, ಹೆಸರೂ ಅದರೊಡನೆ ಹೋಗುತ್ತದೆ. ‘ಇದು ಅವರ ಹಾಡರಿ, ಇವರ ಹಾಡರಿ’ ಎಂದು ಹುಡುಗರು ಹೇಳುವ ಪ್ರಸಂಗ ಹುಟ್ಟುವುದು ಅಲ್ಲಿಂದ. ಮೊಬೈಲಿನಲ್ಲಿ ಹಾಡು ಕೇಳುವವರಿಗೆ ತೆರೆಯ ಮೇಲೆ ಕಾಣುವುದು ಹಾಡುಗಾರನ ಹೆಸರೊಂದೇ. ಬರೆದವರ ಹೆಸರು ಹುಡುಕಿ ತೆಗೆಯಬೇಕು.

ಕಾಯಿದೆ ಏನು ಹೇಳುತ್ತದೆ ಎಂಬುದನ್ನೂ ಹಾಡುವ ಹುಡುಗರು ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದವರು ತೀರಿಕೊಂಡ ಅರವತ್ತು ವರ್ಷಗಳವರೆಗೆ ಹಕ್ಕು ಇರುತ್ತದೆ. ಮೊದಲು ಐವತ್ತು ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಲ್ಲಿ, ಅರವತ್ತಾಯಿತು. ಈ ಲೆಕ್ಕದಲ್ಲಿ ಶರೀಫರ ಪದ ಎಂದೋ ಎಲ್ಲರ ಸೊತ್ತಾಗಿದೆ. ಯಾರೂ ಯಾರ ಅಪ್ಪಣೆಯನ್ನೂ ಕೇಳದೆ ಹಾಡಬಹುದು. ಸಿನಿಮಾದ ಧಾಟಿ ಹಾಗಲ್ಲ. ಅಶ್ವತ್ಥ್ 2009ರ ಡಿಸೆಂಬರ್ 29ರಂದು ತೀರಿಕೊಂಡರು. ಅವರು ಸ್ವಂತವಾಗಿ ಕಟ್ಟಿದ ಧ್ವನಿಸಂಯೋಜನೆಗೆ 2069ರ ಕೊನೆಯವರೆಗೆ ರಕ್ಷಣೆಯಿದೆ. ಮುದ್ರಿಕೆಗೆ ಬೇರೆಯೇ ಹಕ್ಕು, ಅದು ಹೊರಬಂದ ಮರುವರ್ಷದ ಆರಂಭದಿಂದ ಲೆಕ್ಕ. ಇನ್ನೊಬ್ಬರ ಹಾಡನ್ನು ಮರುಮುದ್ರಿಸಿ ಮಾರುವವರಿಗೆ 2012ರ ತಿದ್ದುಪಡಿ ಕಟ್ಟುನಿಟ್ಟು ಮಾಡಿದೆ. ಮೊದಲ ಮುದ್ರಿಕೆಯಾಗಿ ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ ಐವತ್ತು ಸಾವಿರ ಪ್ರತಿಗಳ ಲೆಕ್ಕದಲ್ಲಿ ಗೌರವಧನ ಕಟ್ಟಬೇಕು. 1980ರ ದಶಕದಲ್ಲಿ ಕ್ಯಾಸೆಟ್ ಕಂಪನಿಗಳು ಹಳೆಯ ಹಿಂದಿ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗಕ್ಕೆ ಮಾರಿದ್ದು ನೆನಪಿರುವವರಿಗೆ ಈ ಬಿಗಿಯ ಹಿನ್ನೆಲೆ ತಿಳಿಯುತ್ತದೆ.

ಈ ಕಾಯಿದೆಯಲ್ಲಿ ಕಾಣದೇ ಉಳಿದವನು ಒಬ್ಬನಿದ್ದಾನೆ, ಭಜನೆಯ ಹಾಡುಗಾರ. ಬರೆದವರ ಹಕ್ಕು ಮುಗಿಯಿತು, ಹೊಸ ಧಾಟಿ ಹಾಕಿದವರ ಹಕ್ಕು ಶುರುವಾಯಿತು. ನಡುವೆ ನೂರು ವರ್ಷ ಪದ ಹೊತ್ತವರಿಗೆ ಯಾವ ಕಲಮಿನಲ್ಲೂ ಜಾಗವಿಲ್ಲ. ಅವರ ಧಾಟಿಗೆ ಕರ್ತೃ ಇಲ್ಲವಾದ್ದರಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತೆಗೆದುಕೊಂಡವರು ಅದಕ್ಕೆ ಸಣ್ಣ ತಿರುವು ಕೊಟ್ಟು ತಮ್ಮದೆನ್ನಬಹುದು. ಮುಂದೊಂದು ದಿನ ಹಳ್ಳಿಯ ಮಂಡಳಿಯೊಂದು ತನ್ನ ಭಜನೆಯನ್ನು ಯೂಟ್ಯೂಬಿಗೆ ಏರಿಸಿದಾಗ, ಹಾಡುಗಳನ್ನು ಹೋಲಿಸಿ ನೋಡುವ ಯಂತ್ರ ‘ಇದು ಇನ್ನೊಬ್ಬರದು’ ಎಂದು ತಡೆಯಲೂಬಹುದು. ಇದಕ್ಕೆ ರಾಕ್ ಗುಂಪುಗಳನ್ನು ದೂರಿ ಫಲವಿಲ್ಲ. ಅವರು ಹಾಡದೇ ಹೋಗಿದ್ದರೆ ಇಪ್ಪತ್ತರ ಹರೆಯದ ಎಷ್ಟು ಮಂದಿಗೆ ಶರೀಫರ ಹೆಸರು ಗೊತ್ತಿರುತ್ತಿತ್ತು? ಆದರೆ ಪದದ ಜೊತೆಗೆ ಅದನ್ನು ಯಾವ ಊರಿನವರಿಂದ, ಯಾರ ಬಾಯಿಂದ ಕಲಿತರು ಎಂಬ ಒಂದು ಸಾಲನ್ನು ಹಾಡುವ ಮುಂಚೆ ಹೇಳುವುದಕ್ಕೆ ಖರ್ಚೇನೂ ಇಲ್ಲ.

ತುರ್ತಿನ ಕೆಲಸ ಮಾತ್ರ ಬೇರೊಂದಿದೆ. ಬಬಲೇಶ್ವರದ ಸುತ್ತ, ತಿಕೋಟಾದ ಸುತ್ತ, ಹಾರ್ಮೋನಿಯಂ ಮುಂದೆ ಕುಳಿತು ಹಳೆಯ ಧಾಟಿಯಲ್ಲಿ ಹಾಡುವವರಿಗೆ ಈಗ ಅರವತ್ತು, ಎಪ್ಪತ್ತರ ಮೇಲೆ ವಯಸ್ಸು. ಅವರ ಪಕ್ಕದಲ್ಲಿ ಕುಳಿತು ತಾಳ ಹಾಕುವ ಹುಡುಗರ ಸಂಖ್ಯೆ ಇಳಿಯುತ್ತಿದೆ. ಇರುವ ಹುಡುಗರೂ ಸಿನಿಮಾದ ಧಾಟಿಯನ್ನೋ ಆಲ್ಬಮ್ಮಿನ ಧಾಟಿಯನ್ನೋ ಕೇಳಿ ಅದನ್ನೇ ಹಾಡುತ್ತಾರೆ. ಊರಿಗೊಂದರಂತೆ ಇದ್ದ ಧಾಟಿಗಳು ಹೀಗೆ ಎರಡೋ ಮೂರೋ ಆಗುತ್ತಿವೆ. ಗಿಟಾರ್ ಹಿಡಿದ ಹುಡುಗನ ಕಿಸೆಯಲ್ಲೇ ಧ್ವನಿ ಹಿಡಿಯುವ ಯಂತ್ರವಿದೆ. ಅಜ್ಜನ ಮುಂದೆ ಅದನ್ನಿಟ್ಟು, ಪದ ಪೂರ್ತಿ ಹಾಡಿಸಿ, ಹೆಸರು, ಊರು, ಯಾರಿಂದ ಕಲಿತದ್ದು, ಯಾವ ಇಸವಿಯ ಹೊತ್ತಿಗೆ ಎಂದು ಬರೆದಿಟ್ಟುಕೊಂಡರೆ ಒಂದು ಸಂಜೆಯ ಕೆಲಸ.

ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಅಂಥ ಕೆಲಸ ಮಾಡಿದವರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದವರ ಆ ಬಳಗ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿತು. ಬೀಸುವ ಕಲ್ಲು ಮನೆಯಿಂದ ಹೊರಗೆ ಹೋಯಿತು, ಹಿಟ್ಟಿನ ಗಿರಣಿ ಬಂತು. ಬೀಸುತ್ತ ಹಾಡಿದವರು ತೀರಿಹೋದರು. ತ್ರಿಪದಿಗಳು ಪುಸ್ತಕದಲ್ಲಿ ಉಳಿದಿವೆ, ಇವತ್ತಿಗೂ ಓದಬಹುದು. ಗೆಳೆಯರ ಬಳಿ ಆಗ ಇದ್ದದ್ದು ಹಾಳೆ ಮತ್ತು ಲೇಖನಿ. ಧಾಟಿ ಹಿಡಿದಿಡಲು ಅವರಿಗೆ ಸಾಧನವಿರಲಿಲ್ಲ.